ನೀನಿಲ್ಲದೆ ಗೆದ್ದ ಫೈನಲ್

ಇಲ್ಲ ಅಚ್ಯುತ, ನೀನು ಎಷ್ಟು ನಕ್ಕರೂ ನನ್ನ ಮಾತು ಬದಲಾಗುವುದಿಲ್ಲ. ಬಾಸ್ಕೆಟ್‌ಬಾಲ್‌ನಲ್ಲಿ ಚಾಂಪಿಯನ್ ಆಗಲಿಕ್ಕೆ ಸ್ಟಾರ್ ಆಟಗಾರ ಬೇಡ. ಬೇಡ ಅಂದರೆ ಬೇಡ. ಬರೆದು ಕೊಡಬೇಕಾ? ಬಿಲ್ ಬುಕ್ಕಿನ ಹಿಂದೆ ಬರೆದು ಸಹಿ ಹಾಕಿ ಕೊಡ್ತೇನೆ. ಕಾಫಿ ಕುಡಿ ನೀನು. ಏಳು ವರ್ಷದ ಮೇಲೆ ಬರೋಡಕ್ಕೆ ಬಂದಿದ್ದಿ, ಅದೂ ಬ್ಯಾಂಕಿನ ಎರಡು ದಿನದ ಕೆಲಸಕ್ಕೆ. ನನ್ನ ಹೋಟೆಲಿನಲ್ಲೇ ಕೂತು ನನ್ನನ್ನೇ ನೋಡಿ ನಗುವುದಾ ಮಾರಾಯ?

ನೀನೇ ಹೇಳು. ಎಪ್ಪತ್ತೇಳರಲ್ಲಿ ನಿನಗೆ ಮೈಸೂರಿನಿಂದ ಇಲ್ಲಿಗೆ ವರ್ಗ ಆಯಿತು. ಆರಡಿ ನಾಲ್ಕಂಗುಲದ ಮನುಷ್ಯ ಗೋರ್ವಾ ಬಡಾವಣೆಯ ನಮ್ಮ ಕ್ಲಬ್ಬಿನೊಳಗೆ ತಲೆ ತಗ್ಗಿಸಿ ಬಂದಾಗ ನಾವೆಲ್ಲ ಎದ್ದೇ ನಿಂತೆವು, ಇನ್‌ಸ್ಪೆಕ್ಟರ್ ಬಂದ ಹಾಗೆ. ಆ ವರ್ಷ ಸಿಟಿ ಲೀಗಿನ ಫೈನಲ್‌ಗೆ ಹೋದೆವು, ಕೊಯಾಲಿ ತಂಡದವರ ಕೈಯಲ್ಲಿ ಸೋತೆವು. ಎಪ್ಪತ್ತೆಂಟರಲ್ಲಿ ಮತ್ತೆ ಹೋದೆವು, ಮತ್ತೆ ಅವರ ಕೈಯಲ್ಲೇ ಸೋತೆವು. ಎಪ್ಪತ್ತೊಂಬತ್ತರ ಫೈನಲ್‌ನಲ್ಲಿ ನೀನಿರಲಿಲ್ಲ, ಗೆದ್ದೆವು. ನೀನಿದ್ದು ಎರಡು ಸೋಲು, ನೀನಿಲ್ಲದೆ ಒಂದು ಗೆಲುವು. ಇನ್ನೆಂತ ಸಾಕ್ಷಿ ಬೇಕು?

ಆ ಹುಬ್ಬು ಯಾಕೆ ಮೇಲೆ ಹೋಯಿತು? ನೀನು ಬರುವ ಮೊದಲು ನಾವು ಫೈನಲ್ ಮುಖವನ್ನೇ ನೋಡಿರಲಿಲ್ಲ ಅಂತಲಾ? ಸರಿ, ನೋಡಿರಲಿಲ್ಲ. ಮೊದಲ ಮ್ಯಾಚು ಸೋತು ಮಧ್ಯಾಹ್ನದ ಊಟಕ್ಕೆ ಮನೆಗೆ ಬರ್ತಿದ್ದೆವು. ಆದರೆ ನೀನು ಬಂದ ಮೇಲೆ ನಾವು ಆಡಲೇ ಇಲ್ಲ, ಗೊತ್ತುಂಟಾ? ಬಾಲ್ ನಿನ್ನ ಕೈಗೆ ಕೊಟ್ಟು ನಿಂತು ನೋಡಿದೆವು. ಚಡ್ಡಿ ಹಾಕಿಕೊಂಡ ಪ್ರೇಕ್ಷಕರು, ಅಷ್ಟೆ. ಕ್ಯಾಪ್ಟನ್ ನಾನು, ಪೇಪರಿನಲ್ಲಿ ಬರ್ತಿದ್ದದ್ದು ಅಚ್ಯುತನ ತಂಡ ಅಂತ. ನೀನು ಹಾಕಿದ ಬಾಸ್ಕೆಟ್ಟುಗಳಿಗೆಲ್ಲ ಪಾಸು ಕೊಟ್ಟವನು ಯಾರು? ಈ ಪದ್ಮನಾಭ. ಒಂದೇ ಒಂದು ಸಲ ನನ್ನ ಹೆಸರು ಪೇಪರಿಗೆ ಬಂತು, ಅದೂ ಪದ್ಮಾಬೆನ್ ಅಂತ, ನಮ್ಮ ಪದ್ಮಕ್ಕ ಅಂದ ಹಾಗೆ. ಗುಜರಾತಿ ಗಿರಾಕಿಗಳು ಒಂದು ತಿಂಗಳು ನನ್ನನ್ನು ಬೆನ್ ಅಂತಲೇ ಕರೆದರು. ಹಾಂ, ನಗು. ಅದು ನಗುವ ವಿಷಯವೇ.

ಎಪ್ಪತ್ತೊಂಬತ್ತರ ಆ ದಿನ ಏನಾಯಿತು ಅಂತ ನಿನಗೆ ಪೂರ್ತಿ ಹೇಳಿದವರಿಲ್ಲ. ನೀನು ಶನಿವಾರವೇ ಬ್ಯಾಂಕಿನ ಕೆಲಸಕ್ಕೆ ಸೂರತ್‌ಗೆ ಹೋಗಿದ್ದೆ. ಫೈನಲ್ ಭಾನುವಾರ ಸಂಜೆ ಐದಕ್ಕೆ. ಶನಿವಾರ ಸಂಜೆ ಏಳು ಗಂಟೆಗೆ ನೀನು ಟ್ರಂಕ್ ಕಾಲ್ ಮಾಡಿ ಕೇಳಿದಾಗ ಐದಕ್ಕೇ ಅಂದೆ, ಆಗ ಐದಕ್ಕೇ ಇತ್ತು. ಆದರೆ ಗ್ರೌಂಡಿನ ಪುಣ್ಯಾತ್ಮರು ಅದೇ ಸಂಜೆ ಯಾರದೋ ಮದುವೆಗೂ ಜಾಗ ಕೊಟ್ಟಿದ್ದರು. ಮದುವೆ ಮುಂದೆ ಹಾಕಲಿಕ್ಕೆ ಆಗ್ತದಾ? ಮ್ಯಾಚನ್ನೇ ಬೆಳಿಗ್ಗೆ ಎಂಟಕ್ಕೆ ಎಳೆದರು. ಭಾನುವಾರ ಬೆಳಗಾಗುವಾಗ ಬಂದು ಬಾಗಿಲು ಬಡಿದು ಹೇಳಿದ್ದು. ನಿನಗೆ ತಿಳಿಸಲಿಕ್ಕೆ ಸಮಯವೆಲ್ಲಿತ್ತು? ಇದು ನಾನು ನಿನಗೆ ಆಗಲೇ ಹೇಳಿದ್ದೇನೆ.

ನೀನು ನಾಲ್ಕಕ್ಕೆ ಬ್ಯಾಗು ಹಿಡಿದು ಬಂದರೆ ಕೋರ್ಟಿನ ಮೇಲೆ ಶಾಮಿಯಾನ. ಬಾಸ್ಕೆಟ್ಟಿನ ರಿಂಗಿಗೆ ಚೆಂಡುಹೂವಿನ ಮಾಲೆ. ಹೆಣ್ಣಿನ ಕಡೆಯವರು ನಿನ್ನನ್ನು ಬ್ಯಾಂಡಿನವನು ಅಂದುಕೊಂಡು ಎಲ್ಲಿ ನಿನ್ನ ಡ್ರಮ್ಮು ಅಂತ ಕೇಳಿದರಂತೆ, ಹೌದಾ? ಆವತ್ತು ನೀನು ನಗಲಿಲ್ಲ.

ಇರಲಿ, ಮ್ಯಾಚಿಗೆ ಬರ್ತೇನೆ. ಕೊಯಾಲಿಯವರಲ್ಲಿ ಇಬ್ಬರು ಗಟ್ಟಿ ಆಳುಗಳು ಇದ್ದರಲ್ಲ, ನಿನ್ನನ್ನು ಹಿಡಿಯಲಿಕ್ಕೆ ಅಂತಲೇ ಸಾಕಿದವರು? ಅವರ ಕೋಚು ಆ ಇಬ್ಬರನ್ನೂ ಆಡಿಸಲೇ ಇಲ್ಲ, ಬೆಂಚಿನ ಮೇಲೆ ಕೂರಿಸಿದ. ನಾವು ನಿನ್ನನ್ನು ಎಲ್ಲೋ ಅಡಗಿಸಿ ಇಟ್ಟಿದ್ದೇವೆ, ಕೊನೆಗೆ ಇಳಿಸ್ತೇವೆ ಅಂತ ಅವನ ಅನುಮಾನ. ಆಟ ಬಿಟ್ಟು ಗೇಟನ್ನೇ ನೋಡ್ತಿದ್ದ. ಶಾಮಿಯಾನದ ಬಿದಿರು ಹೊತ್ತವರು ಬಂದರೂ ಎದ್ದು ನಿಂತ. ಅವನಿಗೆ ಬುದ್ಧಿ ಬಂದು ಇಬ್ಬರನ್ನೂ ಇಳಿಸುವಾಗ ಉಳಿದದ್ದು ನಾಲ್ಕೇ ನಿಮಿಷ. ಆ ಇಬ್ಬರು ಸಿಟ್ಟಿನಲ್ಲಿದ್ದರು, ಕೊನೆಯ ನಿಮಿಷದಲ್ಲಿ ನಮ್ಮ ಹರ್ಷದನನ್ನು ಕೆಡವಿದರು. ಐದಡಿ ಐದಂಗುಲದ ಗಾಂಠಿಯಾ ಕರಿಯುವ ಅಂಗಡಿಯವನು ಎದ್ದು, ಎಣ್ಣೆ ಕೈಯನ್ನು ಬನಿಯನ್‌ಗೆ ಒರೆಸಿ, ಎರಡು ಫ್ರೀ ಥ್ರೋ ಹಾಕಿದ. ನಲವತ್ತೊಂದು, ನಲವತ್ತು.

ಗೊತ್ತಾಯಿತು, ಗೊತ್ತಾಯಿತು, ಆ ನಗು ಯಾಕೆ ಅಂತ. ಬಾರದ ನಿನಗೆ ಹೆದರಿಯೇ ಅವರು ಸೋತದ್ದು. ಹೇಳ್ತಾ ಹೇಳ್ತಾ ನನ್ನ ವಾದ ನನ್ನ ಕಾಲ ಮೇಲೆಯೇ ಬಿತ್ತು. ಆದರೂ ಬೆವರು ಸುರಿಸಿದ್ದು ನಾವೇ ಅಲ್ವಾ? ನಾನೊಬ್ಬನೇ ಹದಿನಾಲ್ಕು ಪಾಯಿಂಟ್ ಹಾಕಿದೆ. ಹಿಂದಿನ ದಿನ ಅಷ್ಟು ಓಡಾಡಿದವನಿಗೆ ಅದು ಕಡಿಮೆಯಾ? ಶನಿವಾರ ಆರು ಗಂಟೆಗೆ ಸುದ್ದಿ ಬಂದದ್ದೇ ಬಂದದ್ದು, ಸ್ಕೂಟರ್ ಹತ್ತಿ ಹರ್ಷದನ ಮನೆ, ವಿಠ್ಠಲನ ಮನೆ, ಒಬ್ಬೊಬ್ಬರ ಬಾಗಿಲಿಗೂ ಹೋಗಿ, ಬೆಳಿಗ್ಗೆ ಎಂಟಕ್ಕೆ ಬನ್ನಿ, ಎಂಟಕ್ಕೆ ಬನ್ನಿ ಅಂತ...

ಕಪ್ ಯಾಕೆ ಕೆಳಗಿಟ್ಟೆ?

ಶನಿವಾರ ಅಂದೆನಾ? ಭಾನುವಾರ. ಭಾನುವಾರ ಬೆಳಿಗ್ಗೆ ಅಂತ ಹೇಳಲಿಕ್ಕೆ ಹೋಗಿ... ಹಾಗೆ ನೋಡಬೇಡ ಅಚ್ಯುತ. ಏನಾದರೂ ಕೇಳು. ನೀನು ಕೇಳಿದರೆ ಇನ್ನೊಂದು ಸುಳ್ಳು ಹೇಳಬಹುದು.

ಹೌದು. ಶನಿವಾರವೇ. ನಿನ್ನ ಕಾಲ್ ಬರುವ ಒಂದು ಗಂಟೆ ಮೊದಲು. ಮ್ಯಾಚು ಐದಕ್ಕೇ ಅಲ್ವಾ ಪದ್ಮನಾಭ ಅಂತ ನೀನು ಕೇಳಿದೆ. ಲೈನು ಚೆನ್ನಾಗಿತ್ತು. ಐದಕ್ಕೇ ಅಂದೆ. ಆರಾಮವಾಗಿ ಬಾ ಅಂತಲೂ ಅಂದೆ. ಆ ಎರಡನೇ ಮಾತು ಬೇಕಾಗಿರಲಿಲ್ಲ. ಅದನ್ನು ಯಾಕೆ ಸೇರಿಸಿದೆ ಅಂತ ಇವತ್ತಿಗೂ ನನಗೆ ಗೊತ್ತಿಲ್ಲ.

ಅಹಮದಾಬಾದಿನಿಂದ ರಾಜ್ಯ ತಂಡದ ಆಯ್ಕೆಯವರು ಬರ್ತಾರೆ, ನಿನ್ನನ್ನು ನೋಡಲಿಕ್ಕೇ ಬರ್ತಾರೆ ಅಂತ ಗೊತ್ತಿತ್ತು. ಗೊತ್ತಿದ್ದೇ ಮಾಡಿದ್ದು. ಒಂದು ದಿನ ನೀನಿಲ್ಲದಿದ್ದರೆ ಅವರ ಕಣ್ಣು ನನ್ನ ಮೇಲೆ ಬಿದ್ದೀತು ಅಂದುಕೊಂಡೆ. ನೀನಿಲ್ಲ ಅಂತ ಗೊತ್ತಾದದ್ದೇ ಅವರು ಹಾಫ್ ಟೈಮಿನಲ್ಲಿ ಎದ್ದು ಹೋದರು. ನನ್ನ ಹದಿನಾಲ್ಕರಲ್ಲಿ ಹತ್ತು ಪಾಯಿಂಟ್ ನಾನು ಹಾಕಿದ್ದು ಆಮೇಲೆ. ನಿನ್ನನ್ನು ಮುಂದಿನ ವರ್ಷ ಕರೀತಾರೆ, ಏನೂ ಹಾನಿಯಿಲ್ಲ ಅಂತ ಸಮಾಧಾನ ಮಾಡಿಕೊಂಡೆ. ಎರಡೇ ತಿಂಗಳಿಗೆ ನಿನ್ನ ಮಂಡಿ ಮುರಿಯಿತು. ಆಸ್ಪತ್ರೆಗೆ ದಿನಾ ಇಡ್ಲಿ ತಂದದ್ದು ಸ್ನೇಹಕ್ಕೆ ಅಂತ ನೀನು ಎಲ್ಲರಿಗೂ ಹೇಳಿಕೊಂಡು ತಿರುಗಿದೆ.

ಬೈ ಅಚ್ಯುತ. ಆ ಕಪ್ಪನ್ನಾದರೂ ಎತ್ತಿ ಒಗೆ.

ನನ್ನ ಹೆಂಡತಿ ಒಳಗಿಂದ ಕರೀತಿದ್ದಾಳೆ, ಕೇಳಿಸ್ತಾ? ನಾಗವೇಣಿಗೆ ಇದೊಂದೂ ಗೊತ್ತಿಲ್ಲ. ನೀನು ಬಂದಿದ್ದಿ ಅಂತ ಬೆಳಗ್ಗಿಂದ ಒಲೆ ಮುಂದೆ ಇದ್ದಾಳೆ. ಇಬ್ಬರಿಗೂ ಬಡಿಸಲಾ ಅಂತ ಕೇಳ್ತಿದ್ದಾಳೆ.

ಏನು ಹೇಳಲಿ?