ಮನೆ ಸಾಲಿನ ದ್ರಾಕ್ಷಿ

ಅಲ್ಲಲ್ಲ, ಆ ಕುರ್ಚಿ ಬೇಡ ಮೂರ್ತಣ್ಣ. ಅದು ನಮ್ಮನೆಯವರದು, ಬಯ್ಯಪ್ಪನೋರದು. ಈ ಕಡೆ ಜಗುಲಿ ಮೇಲೆ ಕೂತ್ಕೊಳ್ಳಿ… ಹಾಂ, ಹಂಗೆ. ಕಾರು ಯಾಕೆ ಮೇನ್ ರೋಡಲ್ಲೇ ಬಿಟ್ಟು ಬಂದ್ರಿ? ಬಯ್ಯಪ್ಪನ ತೋಟದ ಮುಂದೆ ಗಾಡಿ ನಿಲ್ಸಿದ್ರೆ ನಾಲ್ಕು ಜನ ನೋಡ್ತಾರೆ ಅಂತಾನಾ? ನೋಡ್ಲಿ ಬಿಡಿ! ಊರೋರ ದ್ರಾಕ್ಷಿನೆಲ್ಲ ಡಬ್ಬಕ್ಕೆ ತುಂಬಿ ಫಾರಿನ್ನಿಗೆ ಕಳ್ಸೋ ಇಷ್ಟು ದೊಡ್ಡ ಪ್ಯಾಕ್‌ಹೌಸಿನ ಯಜಮಾನ್ರು ಗಂಗುಲಮ್ಮನ ಮನೆ ಬಾಗಿಲಿಗೆ ಬಂದವ್ರೆ, ಏನು ಕಮ್ಮಿ ಮಾತಾ?

ಮಜ್ಜಿಗೆ ಕುಡೀರಿ. ಕುಡೀರಪ್ಪ, ಏನೂ ಬೆರೆಸಿಲ್ಲ. ಬೇಕಾದ್ರೆ ಲ್ಯಾಬಿಗೆ ಕಳ್ಸಿ, ಪಾಸಾದ್ಮೇಲೆ ಕುಡೀರಿ… ಯಾಕೆ ನಗ್ತೀರಾ? ನಾನು ತಮಾಷೆಗೆ ಹೇಳ್ತಿಲ್ಲ.

ಗೊತ್ತು ಬಿಡಿ, ಯಾಕೆ ಬಂದ್ರಿ ಅಂತ ಊರಿಗೆಲ್ಲ ಗೊತ್ತು. ಯುರೋಪಿಗೆ ಅಂತ ತುಂಬಿಸಿದ ಕಂಟೇನರು ಫೇಲಾಯ್ತು. ಹಣ್ಣಲ್ಲಿ ಔಷಧಿ ಅಂಶ ಅವರ ಲೆಕ್ಕಕ್ಕಿಂತ ಜಾಸ್ತಿ ಸಿಕ್ತು. ಡಬ್ಬದ ಮೇಲೆ ಯಾವ ತೋಟದ ನಂಬರ್ ಐತೆ ಅಂತ ನೋಡಿದ್ರೆ ನಮ್ಮದು! ಈಗ ನಿಮ್ಮ ಲೈಸೆನ್ಸೇ ಹೋಗೋ ಹಂಗಾಗೈತೆ. ಅದಕ್ಕೆ ಓಡ್ಬಂದ್ರಿ, 'ಗಂಗುಲಮ್ಮ, ಕೊಯ್ಲಿಗೆ ಮುಂಚೆ ಏನಾದ್ರೂ ಹೊಡೆದ್ಯಾ' ಅಂತ ಕೇಳೋಕೆ. ಹೌದು ತಾನೆ?

ಹೊಡೀಲಿಲ್ಲ. ಸಾಕಾ?

ಹಂಗೆ ನೋಡ್ಬೇಡಿ. ಕೊಯ್ಲಿಗೆ ಮುಂಚೆ ನಿಮ್ಮ ಮನುಷ್ಯನೇ ಬಂದು ಲ್ಯಾಬ್ ಟೆಸ್ಟಿಗೆ ಅಂತ ಗೊನೆ ಕಿತ್ಕೊಂಡು ಹೋದ. ಪಾಸಾಯ್ತು ಅಂತ ನೀವೇ ಫೋನ್ ಮಾಡಿದ್ರಿ. ಏನು? ಎಲ್ಲಿ ಕಿತ್ತ ಅಂತಾನಾ? ಅಯ್ಯೋ ದೇವುಡಾ, ನನ್ನ ಕೇಳ್ತೀರಲ್ಲ! ಅಲ್ಲಿ, ಹೊಂಗೆ ಮರದ ಪಕ್ಕ, ಮನೆ ಸಾಲಲ್ಲಿ. ಆ ಮಹಾರಾಯ ಯಾರ ತೋಟಕ್ಕೆ ಹೋದ್ರೂ ಮೊದಲನೇ ಸಾಲು ದಾಟಿ ಒಳಗೆ ಹೋಗಲ್ಲ. ಬಿಸಿಲು ನೋಡಿ, ಪಾಪ! ಆ ಮೊದಲನೇ ಸಾಲೇ ಎಲ್ಲರದ್ದೂ ಮನೆ ಸಾಲು. ಮಕ್ಕಳಿಗೆ, ದೇವರಿಗೆ, ಬಂದೋರಿಗೆ ಅಂತ ಒಂದು ಸಾಲು ಬಿಟ್ಕೋತೀವಿ, ಅದಕ್ಕೆ ಔಷಧಿ ಸೋಕ್ಸಲ್ಲ. ತಲೆ ಮೇಲೆ ತಲೆ ಬಿದ್ರೂ ಸೋಕ್ಸಲ್ಲ. ನಿಮ್ಮ ಮುಂದೆ ತಟ್ಟೇಲಿ ಇರೋದೂ ಅದೇ ಸಾಲಿನ ಹಣ್ಣು. ತಿನ್ನಿ, ತಿನ್ನಿ.

ಮಿಕ್ಕ ಸಾಲಿಗಾ?… ಮಿಕ್ಕ ಸಾಲಿಗೆ, ಯಾವ ಔಷಧಿ ಹೊಡೀಬಹುದು ಅಂತ ನೀವು ಕೊಟ್ಟ ಚಾರ್ಟಲ್ಲಿ ಇರೋದೇ ಹೊಡೆದಿದ್ದು. ಎಷ್ಟು ಸಲ ಹೇಳ್ಬೇಕು?

ಚಾರ್ಟು ಅಂದ್ರೆ ನೆನಪಾಯ್ತು. ಹೋದ ವರ್ಷ ನಮ್ಮನೆಯವರು ಆ ಚಾರ್ಟನ್ನ ದೇವರ ಪಟದ ಪಕ್ಕಾನೇ ಅಂಟಿಸ್ಕೊಂಡಿದ್ರು. ಗೊತ್ತಾ ನಿಮಗೆ? ಇದು ಹೊಡೀಬೇಡ ಅಂದ್ರೆ ಹೊಡೀಲಿಲ್ಲ. ಅದೇ ಔಷಧಿ ಚಿಕ್ಕಬಳ್ಳಾಪುರದಲ್ಲಿ ಯಾವ ಅಂಗಡಿಗೆ ಹೋದ್ರೂ ಕೊಡ್ತಾರೆ, ಹೊರದೇಶದಲ್ಲಿ ಮಾತ್ರ ಆಗಲ್ಲ ಅಂತೆ. ದುಬೈಗೆ ಒಂದು ಲೆಕ್ಕ ಅಂತೆ, ಇಂಗ್ಲೆಂಡಿಗೆ ಇನ್ನೊಂದು ಲೆಕ್ಕ ಅಂತೆ, ಜರ್ಮನಿ ಅಂಗಡಿಯೋರದ್ದು ಅದರ ಮೇಲೆ ಮತ್ತೊಂದಂತೆ. ನಮ್ಮ ಚಿಂತಾಮಣಿ ಸಂತೆಗೆ? ಅದಕ್ಕೆ ಯಾವ ಲೆಕ್ಕಾನೂ ಇಲ್ಲ! ಆದ್ರೂ ಅವರು ಬಾಯಿಪಾಠ ಮಾಡಿದ್ರಪ್ಪ. 'ಯಾರೋ ಕಾಣದ ದೇಶದ ಮಕ್ಕಳು ತಿಂತಾವೆ ಕಣೇ, ನಮ್ಮ ಹಣ್ಣಿಂದ ಅವಕ್ಕೆ ಏನೂ ಆಗ್ಬಾರ್ದು' ಅನ್ನೋರು. ನಾನು ಬೈತಿದ್ದೆ, ನಿಮ್ಮ ಮಕ್ಕಳ ಕಡೆ ನೋಡಿ ಮೊದ್ಲು ಅಂತ.

ಅಂಥಾ ಮನುಷ್ಯನಿಗೆ ನೀವೇನು ಮಾಡಿದ್ರಿ? ಎಲ್ಲ ಬೆಳೆಗಾರರ ಮುಂದೆ 'ಬಯ್ಯಪ್ಪ, ನಿನ್ನ ಹಣ್ಣು ಫೇಲು' ಅಂದ್ರಿ. ಬೋರ್ಡಿನ ಮೇಲೆ ನಮ್ಮ ತೋಟದ ನಂಬರ್ ಬರೆಸಿ ಕೆಂಪು ಗೀಟು ಹಾಕ್ಸಿದ್ರಿ. ಫೇಲಾದ ಹಣ್ಣು ಅಂತ ಅರ್ಧ ರೇಟಿಗೆ ಎತ್ಕೊಂಡು ಹೋದ್ರಿ. ಆಮೇಲೆ? ಲಾರಿ ಓಡಿಸೋ ಲಾಲ್ ಬಾಷಾ ನಮ್ಮನೇಲಿ ನೀರು ಕುಡೀತಾ ಬಾಯ್ಬಿಟ್ಟ. 'ಅಕ್ಕ, ನಿಮ್ಮ ಹಣ್ಣು ಫೇಲೇ ಆಗಿಲ್ಲ. ಇನ್ನೊಬ್ಬ ಬೆಳೆಗಾರ ವೆಂಕಟರವಣಪ್ಪನ ತೋಟದ ಹೆಸರಲ್ಲಿ ಅದೇ ದೇಶಕ್ಕೆ ಹೋಯ್ತು' ಅಂದ… ಈಗ ತಲೆ ತಗ್ಗಿಸ್ತೀಯಲ್ಲ! ಅವತ್ತು ಹೆಂಗೆ ಎದೆ ಉಬ್ಬಿಸ್ಕೊಂಡು ನಿಂತಿದ್ದೆ!

ದುಡ್ಡು ಹೋಯ್ತು, ಹಾಳಾಗಿ ಹೋಗ್ಲಿ. ಹೆಸರು? ನಮ್ಮೂರಲ್ಲಿ ಇನ್ನೊಬ್ಬ ಬಯ್ಯಪ್ಪ ಇದಾನೆ. ಗುರ್ತಿಗೆ ಅಂತ ಇವರನ್ನ 'ವಿಷದ ಬಯ್ಯಪ್ಪ' ಅಂತ ಕರೆಯೋಕೆ ಶುರು ಮಾಡಿದ್ರು. ಕೈವಾರದಲ್ಲಿ ನೆಂಟರ ಮದುವೆ. ಊಟದ ಸಾಲಲ್ಲಿ ಒಬ್ಬ ಕೇಳ್ದ, ಏನ್ ಬಯ್ಯಪ್ಪ, ದ್ರಾಕ್ಷಿ ತರಲಿಲ್ವಾ ಅಂತ. ಪಕ್ಕದವನು ಅಂದ, ಬೇಡಪ್ಪೋ, ಮದುವೆ ಮನೆ ತಿಥಿ ಮನೆ ಆಗೋಗುತ್ತೆ! ಎಲ್ರೂ ನಕ್ರು. ಬಡಿಸೋ ಹುಡುಗ್ರೂ ನಕ್ರು. ಇವರು ಅನ್ನ ಕಲೆಸಿದ ಕೈಲೇ ಎದ್ದು ಬಂದ್ರು. ಅವತ್ತಿಂದ ತೋಟಕ್ಕೆ ಕಾಲಿಟ್ಟಿಲ್ಲ ಕಣಪ್ಪ. ಈಗ ಶಿಡ್ಲಘಟ್ಟದಲ್ಲಿ ಯಾಸೀನ್ ಸಾಬರ ಹತ್ರ ರೇಷ್ಮೆ ಗೂಡು ಬೇಯಿಸ್ತಾರೆ. ಆ ವಾಸನೇಲಿ, ಆ ಬಿಸಿನೀರಲ್ಲಿ. ಯಾಕೆ ಅಂದ್ರೆ ಅಲ್ಲಿ ಯಾರಿಗೂ ಇವರ ಹೆಸರು ಗೊತ್ತಿಲ್ಲ ಅಂತೆ.

ಅವತ್ತೇ ಅಂದ್ಕೊಂಡೆ, ನಿಂಗೂ ಒಂದು ದಿನ… ಬಿಡಿ. ದೇವರು ನೋಡ್ಕೊಂಡ.

ತಡೀರಿ, ಫೋನು. ನಮ್ಮ ತನುಜ, ಚಿಂತಾಮಣಿಗೆ ಕೊಟ್ಟಿದೀವಲ್ಲ, ಆ ಮಗಳು. ಈಗ ತುಂಬಿದ ಬಸುರಿ… ಹಾಂ ಹೇಳಮ್ಮ. ಹೂಂ… ದ್ರಾಕ್ಷಿನಾ? ನಾನೇ ತರ್ತಿದ್ನಲ್ಲೇ, ಮನೆ ಸಾಲಲ್ಲಿ ನಿಂಗೇ ಅಂತ ಗೊನೆ ಬಿಟ್ಟಿದೀನಿ… ಬಸ್ ಸ್ಟ್ಯಾಂಡ್ ಹತ್ರಾನಾ? ಅಷ್ಟು ಚೆನ್ನಾಗೈತಾ? ದಿನಾ ತರಿಸ್ಕೋತಿದೀಯಾ?… ಡಬ್ಬ ಚೆನ್ನಾಗಿದ್ರೆ ಹಣ್ಣು ಚೆನ್ನಾಗಿರುತ್ತೇನೇ ಹುಚ್ಚಿ! ಸರಿ ಸರಿ, ತಿನ್ನು. ಬಯಕೆ ತಡ್ಕೋಬಾರ್ದು, ಹೊಟ್ಟೆ ತುಂಬ ತಿನ್ನು. ಆಮೇಲೆ ಮಾಡ್ತೀನಿ, ಮನೆಗೆ ದೊಡ್ಡೋರು ಬಂದವ್ರೆ.

ಹಾಂ, ಎಲ್ಲಿದ್ವಿ?… ಯಾಕೆ ಮುಖ ಹಂಗಾಯ್ತು ಮೂರ್ತಣ್ಣ? ಮಜ್ಜಿಗೆ ಹುಳಿಯಾಗೈತಾ?

ಆ ಕಂಟೇನರಿನ ಕತೆ ಹೇಳಿ, ಕೇಳೋಕೆ ಆಸೆ ನಂಗೆ. ಹಡಗಿಂದ ಇಳಿಸಿ ಡಬ್ಬ ಒಡೆದ್ರಾ? ಬಿಳಿ ಕೋಟಿನೋರು ಕೈಗೆ ಗ್ಲೌಸ್ ಹಾಕ್ಕೊಂಡು ನಿಮ್ಮ ಹಣ್ಣು ಮುಟ್ಟಿದ್ರಾ? 'ಛೀ, ಯಾವನೋ ಇವನು, ಎಲ್ಲಿಯ ಮೂರ್ತಿ' ಅಂದ್ರಾ? ಅಲ್ಲೂ ಬೋರ್ಡ್ ಇರುತ್ತಾ? ನಿಮ್ಮ ಹೆಸರಿನ ಮುಂದೆ ಕೆಂಪು ಗೀಟು ಹಾಕಿದ್ರಾ? ಅಯ್ಯೋ, ನಾನು ನೋಡ್ಬೇಕಿತ್ತು! ಅಲ್ಲಿ ಸರ್ಕಾರ ಅಂದ್ರೆ ಸರ್ಕಾರ ಕಣಪ್ಪ. ತಮ್ಮ ಜನರ ಬಾಯಿಗೆ ಒಂದೇ ಒಂದು ಕಾಳು ಹೋಗೋಕೆ ಬಿಡಲ್ಲ. ಹಿಡಿದೇ ಹಿಡೀತಾರೆ, ಸುಟ್ಟೇ ಹಾಕ್ತಾರೆ. ಆ ಧೈರ್ಯದ ಮೇಲೇ ನಾನು…

ಏನಿಲ್ಲ. ಧೈರ್ಯ ಅಂದ್ರೆ… ಅಲ್ಲಿನ ಜನಕ್ಕೆ ಧೈರ್ಯ ಅಂದೆ.

ಈಗ ಕೇಳಿ. ಲೈಸೆನ್ಸ್ ಉಳಿಸ್ಕೊಳ್ಳೋಕೆ ನಿಮ್ಮ ಪರವಾಗಿ ನನ್ನ ಹೇಳಿಕೆ ಬೇಕಾ? ಕೊಡ್ತೀನಿ. ನೀವು ಶಿಡ್ಲಘಟ್ಟಕ್ಕೆ ಹೋಗ್ಬೇಕು. ಆ ಗೂಡು ಬೇಯೋ ಒಲೆ ಮುಂದೆ, ಅಲ್ಲಿರೋ ಎಲ್ಲರ ಎದುರಿಗೆ, 'ಬಯ್ಯಪ್ಪನೋರೇ, ನಿಮ್ಮ ಹಣ್ಣು ಪಾಸಾಗಿತ್ತು, ನಾನೇ ಸುಳ್ಳು ಹೇಳ್ದೆ' ಅನ್ಬೇಕು. ಕೈ ಹಿಡ್ಕೊಂಡು ಕರ್ಕೊಂಡು ಬಂದು ಈ ಕುರ್ಚೀಲಿ ಕೂರಿಸ್ಬೇಕು. ಅಲ್ಲೀವರೆಗೂ ನಿಮ್ಮ ಪ್ಯಾಕ್‌ಹೌಸಿಗೆ ಬೀಗ ಬಿದ್ರೆ ಬೀಳ್ಲಿ! ನೀವು ಹಿಂಗೇ ಬಂದು ಈ ಜಗುಲಿ ಮೇಲೆ ಕೂತಿರ್ಬೇಕು, ನಾನು ಮಜ್ಜಿಗೆ ಕೊಡ್ತಾ ಇರ್ತೀನಿ. ಏನಂತೀರಾ?



ನಾನು ಇಷ್ಟು ಬೈದ್ರೂ ಕೋಪ ಬರಲ್ವಾ ನಿಮಗೆ? ಆಗ್ಲಿಂದ ನೋಡ್ತಿದೀನಿ, ನನ್ನ ಮುಖ ಬಿಟ್ಟು ಆ ಫೋನೇ ನೋಡ್ತೀರಲ್ಲ… ಏನೈತೆ ಫೋನಲ್ಲಿ? ಮಗಳು ದ್ರಾಕ್ಷಿ ತಿಂತೀನಿ ಅಂದ್ಲು, ಅಷ್ಟೇ.

ಮೂರ್ತಣ್ಣ… ಸುಟ್ರು ತಾನೆ?

ಅಲ್ಲಿ, ಆ ದೇಶದಲ್ಲಿ, ಸುಟ್ರು ತಾನೆ? ಹೂಂ ಅನ್ನಿ. ಹೂಂ ಅನ್ನೋಕೇನು ಕಷ್ಟ ನಿಮಗೆ?… ಹಡಗು ಹತ್ತಿತು ತಾನೆ? ಇಲ್ವಾ? ಹಡಗೇ ಹತ್ಲಿಲ್ವಾ? ಇಲ್ಲೇ, ಚೆನ್ನೈಲೇ, ಇನ್ನೊಂದು ಟೆಸ್ಟಲ್ಲೇ ಹಿಡಿದ್ರಾ? ವಾಪಸ್ ಕಳ್ಸಿದ್ರಾ? ಮತ್ತೆ ಹಣ್ಣು? ಒಂದು ಕಂಟೇನರ್ ತುಂಬ ಹಣ್ಣು, ಎಲ್ಲಿ ಅದು? ಗುಂಡಿ ತೋಡಿ ಮುಚ್ಚೋ ಮನುಷ್ಯ ನೀನಲ್ಲ… ಏಯ್, ಇತ್ಲಾಗೆ ನೋಡು! ಎಲ್ಲಿ ಮಾರ್ದೆ? ಗೌರಿಬಿದನೂರ್ ಕಡೇನಾ? ಮುರುಗಮಲ್ಲ ದರ್ಗಾ ಹತ್ರಾನಾ?

…ನಿನ್ನ ಡಬ್ಬ ಚೆನ್ನಾಗಿರುತ್ತೆ ಅಲ್ವಾ. ಬಿಳೀದು. ಮೇಲೆ ಬಳ್ಳಿ ಚಿತ್ರ.

ಚಿಂತಾಮಣಿ ಬಸ್ ಸ್ಟ್ಯಾಂಡು.

ಅಯ್ಯೋ… ಅಯ್ಯೋ ಮೂರ್ತಿ, ಮಾಮೂಲಿ ಔಷಧಿ ಅಲ್ಲ ಕಣೋ ಅದು! ಅಟ್ಟದ ಮೇಲಿತ್ತು, ಹಳೇದು. ಇವರು ಮುಟ್ಟಬೇಡ ಅಂತ ಎತ್ತಿಟ್ಟಿದ್ರು. ಕೊಯ್ಲಿನ ಹಿಂದಿನ ದಿನ ಹೊಡೆದೆ, ಮನೆ ಸಾಲೊಂದು ಬಿಟ್ಟು ಎಲ್ಲಕ್ಕೂ. ಯಾರೂ ತಿನ್ನಲ್ಲ ಅಂದ್ಕೊಂಡೆ ಕಣೋ! ಅವರು ಹಿಡೀತಾರೆ, ಸುಡ್ತಾರೆ, ನೀನು ಒಬ್ಬನೇ ಹಾಳಾಗ್ತೀಯ ಅಂದ್ಕೊಂಡೆ… ಹಂಗೆ ಕೂತಿರ್ಬೇಡ! ಹೌದು, ನಾನೇ! ಯಾರ ಮುಂದೆ ಬೇಕಾದ್ರೂ ಹೇಳ್ತೀನಿ, ಕಾರು ತಗೊಂಡ್ಬಾ! ಎದ್ದೇಳೋ!

ರಿಂಗಾಗ್ತೈತೆ… ಎತ್ತೇ. ಎತ್ತಮ್ಮ. ಎತ್ತು ನನ್ ತಾಯಿ…

ಹಲೋ… ತನುಜಾ?… ಮಾತು ಯಾಕೆ ಹಂಗೆ ಬರ್ತೈತೆ? ಬಾಯಲ್ಲಿ ಏನಮ್ಮ ಅದು?