ಚೆಕಿಂಗ್ ದಾಟಿಸಿಬಿಡಿ ಅಣ್ಣಾ

ಊಹಿಸಿ ನೋಡೋಣ. ಒಬ್ಬ ಮನುಷ್ಯ. ಬಾಯಿಗೆ ಒಂದು ಹನಿ ಬಿಟ್ಟುಕೊಂಡಿಲ್ಲ. ಗಾಡಿಯನ್ನೂ ಓಡಿಸುತ್ತಿಲ್ಲ, ಕಾಲ್ನಡಿಗೆ. ಅಂಥವನು ರಾತ್ರಿ ಏದುಸಿರು ಬಿಡುತ್ತಾ ಓಡಿ ಬಂದು, ಕುಡಿದು ಓಡಿಸುವವರನ್ನು ಹಿಡಿಯಲು ನಿಂತ ಪೊಲೀಸರಿಗೆ ಕೈಮುಗಿದು, "ಸಾರ್, ನನ್ನ ಬಾಯಿಗೂ ಆ ಮಷೀನ್ ಇಡಿ" ಅಂತ ಬೇಡಿಕೊಳ್ಳುತ್ತಾನೆ. ಯಾಕಿರಬಹುದು? ಹುಚ್ಚು ಅಂತೀರಾ? ಅಲ್ಲ. ಪಂದ್ಯ? ಅದೂ ಅಲ್ಲ. ಸೋತಿರಾ? ಹಾಗಾದರೆ ದೀಪ ಸ್ವಲ್ಪ ಸಣ್ಣದು ಮಾಡಿ... ಹಾಂ, ಅಷ್ಟು ಸಾಕು.

ನಮ್ಮ ಪಕ್ಕದ ಮನೆಯವನು ಬೇಕರಿಯ ವ್ಯಾನ್ ಡ್ರೈವರ್. ಗಲ್ಲ ಎರಡೂ ಉಬ್ಬಿಕೊಂಡಿರುವುದರಿಂದ ಬೀದಿಯ ಮಕ್ಕಳು 'ಬನ್ ಮಾವ' ಅಂತ ಹೆಸರಿಟ್ಟಿದ್ದಾರೆ. ಗೆಳೆಯನಿಗೆ ಬಡ್ತಿ ಸಿಕ್ಕ ಸಂತೋಷಕ್ಕೆ ಒಂದು ಸಂಜೆ ಕುಡಿದು, ವ್ಯಾನ್ ಹತ್ತಿ, ಸಿಕ್ಕಿಬಿದ್ದ. "ಎರಡೇ ಎರಡು ಸಾರ್" ಅಂದನಂತೆ. ಅಲ್ಲಿದ್ದ ದಪ್ಪ ಮೀಸೆಯ ಕಾನ್‌ಸ್ಟೆಬಲ್, "ಮಷೀನಿಗೆ ಎಣಿಸೋಕೆ ಬರಲ್ಲ, ನೀವು ಊದಿ" ಅಂದನಂತೆ. ಕೋರ್ಟಿನಲ್ಲಿ ದಂಡ ಬಿತ್ತು, ಆರು ತಿಂಗಳು ಲೈಸೆನ್ಸ್ ಅಮಾನತಾಯಿತು. ನ್ಯಾಯಾಧೀಶರು ಕನ್ನಡಕದ ಮೇಲಿಂದ ನೋಡಿ, "ಈ ಆರು ತಿಂಗಳಲ್ಲಿ ಸ್ಟಿಯರಿಂಗ್ ಮುಟ್ಟಿದರೂ ಸರಿ, ಮುಂದೆ ಕುಡಿದು ಓಡಿಸಿದರೂ ಸರಿ, ಒಳಗೆ ಹೋಗ್ತೀರಿ" ಅಂದರು. ಬೇಕರಿ ಸಾಹುಕಾರ ದೊಡ್ಡ ಮನಸ್ಸು ಮಾಡಿ ಬ್ರೆಡ್ ಟ್ರೇ ಹೊರುವ ಕೆಲಸ ಕೊಟ್ಟ. ಹೆಂಡತಿ ಮಾತ್ರ ಬಿಡಲಿಲ್ಲ. "ಗಾಡಿ ಓಡಿಸೋನು ಅಂತ ಕಟ್ಕೊಂಡೆ, ಈಗ ನಟರಾಜಾ ಸರ್ವೀಸು" ಅಂತ ದಿನಾ ಕುಟುಕುತ್ತಿದ್ದಳು.

ಅಂತೂ ಆರು ತಿಂಗಳು ಮುಗಿಯುತ್ತಾ ಬಂತು. ಬೆಳಗಾದರೆ ಲೈಸೆನ್ಸ್ ವಾಪಸ್. ಆ ಕೊನೆಯ ರಾತ್ರಿ ಪಾಳಿ ಮುಗಿಸಿ, ಹಾಳು ಬಾವಿಯ ದಾರಿಯಲ್ಲಿ ಹೊರಟ. ಬಾವಿಯ ಕಟ್ಟೆ ಒಂದು ಕಡೆ ಒಡೆದಿದೆ, ಅಲ್ಲಿ ಬೀದಿದೀಪವೂ ಇಲ್ಲ.

ಟಿಕ್... ಟಕ್. ಟಿಕ್... ಟಕ್.

ಕಾರಿನ ಇಂಡಿಕೇಟರ್. ಬಾವಿಯ ಪಕ್ಕದಲ್ಲೇ ಕಾರು ನಿಂತಿದೆ. ಎಂಜಿನ್ ಸದ್ದಿಲ್ಲ. ಡ್ರೈವರ್ ಬಾಗಿಲು ತೆರೆದಿದೆ, ಸೀಟು ಖಾಲಿ. ಪಕ್ಕದ ಸೀಟಿನಲ್ಲಿ ಒಬ್ಬ ತಲೆ ತಗ್ಗಿಸಿ ಕೂತಿದ್ದಾನೆ.

"ಅಣ್ಣಾ..." ಪಿಸುಮಾತು. "ಕುಡಿದಿದೀರಾ?"

"ಇಲ್ಲಪ್ಪ."

"ನಾನು ಕುಡಿದಿದೀನಿ. ಮುಂದೆ ಪೊಲೀಸ್ ನಿಂತಿದಾರೆ. ನೀವು ಓಡಿಸಿ... ಚೆಕಿಂಗ್ ದಾಟಿಸಿಬಿಡಿ ಅಣ್ಣಾ, ಸಾಕು."

ಬನ್ ಮಾವನಿಗೆ ಆರು ತಿಂಗಳಿಂದ ಅಂಗೈ ತುರಿಸುತ್ತಿತ್ತು. ಕುಡಿದಿಲ್ಲವಲ್ಲ, ಊದಿದರೆ ಸೊನ್ನೆ ತಾನೇ ಬರೋದು, ಅಂದುಕೊಂಡ. ಕೂತೇಬಿಟ್ಟ.

ಸೀಟು ಪಚಕ್ ಅಂದಿತು. ನೀರು. ಸ್ಟಿಯರಿಂಗ್ ಮಂಜುಗಡ್ಡೆಯ ಹಾಗಿತ್ತು. ಸಾರಾಯಿ ವಾಸನೆ, ಅದರ ಜೊತೆ ಪಾಚಿಯ ವಾಸನೆ. ಆಗ ಕನ್ನಡಕದ ಮೇಲಿನ ಆ ಎರಡು ಕಣ್ಣು ನೆನಪಾದವು. ಬೆಳಗಾದರೆ ಕೈಗೆ ಬರುವ ಲೈಸೆನ್ಸು, ಈಗ ಸಿಕ್ಕಿಬಿದ್ದರೆ ಜೈಲು.

"ಬೇಡ ಸ್ವಾಮಿ, ಇಳೀತೀನಿ. ನನ್ನ ಲೈಸೆನ್ಸ್ ಅಮಾನತಾಗಿದೆ."

"ನನ್ನದೂ ಹೋಯ್ತು ಅಣ್ಣಾ..."

"ಯಾವಾಗ?"

ಟಿಕ್... ಟಕ್. ಆಮೇಲೆ, ಕಿವಿಯ ಹತ್ತಿರವೇ, "ಇಳೀಬೇಡಿ. ಎಲ್ಲರೂ ನೋಡಿದ ತಕ್ಷಣ ಓಡ್ತಾರೆ... ಇಷ್ಟು ವರ್ಷಕ್ಕೆ ನೀವೊಬ್ಬರು ಕೂತ್ರಿ."

ಹೇಗೆ ಇಳಿದನೋ ಅವನಿಗೇ ಗೊತ್ತಿಲ್ಲ. ಕಾಲಿಗೆ ಬುದ್ಧಿ ಹೇಳಿದ. ಹಿಂದೆ ಚಕ್ರದ ಸದ್ದಿಲ್ಲ, ಹೆಜ್ಜೆಯ ಸದ್ದಿಲ್ಲ. ಟಿಕ್... ಟಕ್ ಮಾತ್ರ. ಅವನು ಓಡಿದಷ್ಟೂ ಅಷ್ಟೇ ಹತ್ತಿರ.

ದೊಡ್ಡ ರಸ್ತೆ ಕೂಡುವಲ್ಲಿ ಬ್ಯಾರಿಕೇಡ್, ಟಾರ್ಚು. ಅದೇ ಮೀಸೆ.

"ಓಹೋ, ನೀವಾ? ಏನ್ರೀ ಇದು, ಗಬ್ಬೆಂದು ವಾಸನೆ ಹೊಡೀತಿದೀರಿ?"

"ಕುಡಿದಿಲ್ಲ ಸಾರ್. ಊದಿಸಿ."

"ನಡ್ಕೊಂಡು ಬರೋರಿಗೆ ಊದಿಸಿದ್ರೆ ನನ್ನನ್ನ ನೋಡಿ ನಗ್ತಾರೆ. ಹೋಗಿ ಮಲ್ಕೊಳ್ಳಿ."

"ಕೈಮುಗೀತೀನಿ ಸಾರ್. ನಾಳೆ ಲೈಸೆನ್ಸ್ ಬರುತ್ತೆ. ನೀವೇ ಹೋಗಿ ಕುಡಿದಿದ್ದ ಅಂದುಬಿಟ್ರೆ?"

ಅದೊಂದೇ ಅಲ್ಲ. ಆ ಬೆಳಕಿನಲ್ಲಿ, ಜನರ ನಡುವೆ, ಇನ್ನೊಂದು ನಿಮಿಷ ನಿಲ್ಲಬೇಕಿತ್ತು ಅವನಿಗೆ. ಅವನನ್ನು ಬೈಯಬೇಡಿ.

ಮೀಸೆಯವನು ಗೊಣಗುತ್ತಾ ಹೊಸ ಕೊಳವೆ ಸಿಕ್ಕಿಸಿದ. ಬನ್ ಮಾವ ಊದಿದ. ಸೊನ್ನೆ. "ಸರಿ, ಒಪ್ಪಿದೆ" ಅಂತ ಹಳೆ ಕೊಳವೆ ಎಸೆದು, ಮುಂದಿನವರಿಗಾಗಿ ಇನ್ನೊಂದು ಸಿಕ್ಕಿಸಿ, ಮಷೀನನ್ನು ಹಾಗೇ ಹಿಡಿದುಕೊಂಡ. ಬನ್ ಮಾವನ ಎಡಭುಜದ ಪಕ್ಕಕ್ಕೆ, ಯಾರೂ ಇಲ್ಲದ ಕಡೆಗೆ, ಕೊಳವೆ ಚಾಚಿಕೊಂಡಿತ್ತು.

ಪೀಂ... ಪೀಂ... ಪೀಂ.

ಅಂಕಿ ಏರತೊಡಗಿತು. ಮೂವತ್ತು... ತೊಂಬತ್ತು... ಇನ್ನೂರು ದಾಟಿತು. ಕೊಳವೆಯ ಒಳಗೆ ಉಸಿರಿನ ಮಂಜು ಕಟ್ಟುತ್ತಿತ್ತು.

"ಯಾರು... ಊದ್ತಿರೋದು?" ಮೀಸೆಯವನು ಟಾರ್ಚನ್ನು ಆ ಕಡೆ ತಿರುಗಿಸಿದ.

ಬನ್ ಮಾವ ಉಸುರಿದ. "ಬಾವಿ ಹತ್ತಿರ... ಕಾರು..."

"ಕಾರಾ? ಪೈಪ್ ಹಾಕೋಕೆ ಆ ದಾರಿ ಎರಡೂ ಕಡೆ ಅಗೆದು ವಾರ ಆಯ್ತು. ಹಲಗೆ ಮೇಲೆ ತಾನೇ ನೀವು ದಾಟಿ ಬಂದಿದ್ದು? ಆ ಹಲಗೆ ಮೇಲೆ ಕಾರು ಬರುತ್ತಾ?"

ಪೀಂ ಸದ್ದು ನಿಂತಿತು. ಮೀಸೆಯವನು ಮಷೀನನ್ನು ಮೆಲ್ಲಗೆ ನೆಲದ ಮೇಲಿಟ್ಟು, "ಹಿಂದೆ ನೋಡಬೇಡಿ, ಬೈಕ್ ಹತ್ತಿ" ಅಂದ. ಮನೆವರೆಗೂ ಬಿಟ್ಟುಹೋದ.

ಲೈಸೆನ್ಸ್ ಮರುದಿನ ಸರಿಯಾಗಿ ಕೈಗೆ ಬಂತು, ಅದಕ್ಕೇನೂ ತೊಂದರೆಯಾಗಲಿಲ್ಲ. ಆದರೆ ಆ ರಾತ್ರಿ ಬಾಗಿಲು ತೆರೆದ ಹೆಂಡತಿ ಬೈಯಲು ಬಾಯಿ ತೆಗೆದವಳು ಹಾಗೇ ನಿಂತಳು.

"ಏನ್ರೀ ಇದು, ಅಂಗಿ ಮೇಲೆ?"

ಸೀಟಿನ ನೀರಿಗೆ ಬೆನ್ನು ನೆನೆದಿತ್ತು, ಅದು ಸರಿ. ಎದೆ ಮೇಲೆ? ಬಲಭುಜದಿಂದ ಎಡಸೊಂಟದವರೆಗೆ ಓರೆಯಾಗಿ ಒಂದೇ ಒಂದು ಒದ್ದೆ ಪಟ್ಟಿ, ಮೂರು ಬೆರಳಗಲ.

"ಬೆಲ್ಟ್ ನಾನು ಹಾಕ್ಕೊಂಡಿರಲಿಲ್ಲ ಕಣೇ" ಅಂದ ಬನ್ ಮಾವ. "ಸುಮ್ಮನೆ ಕೂತಿದ್ದೆ, ಅಷ್ಟೆ."

ಒಗೆದು ಬಿಸಿಲಿಗೆ ಹಾಕಿದರು. ಅಂಗಿಯೆಲ್ಲ ಗರಿಗರಿಯಾಯಿತು, ಆ ಪಟ್ಟಿ ಮಾತ್ರ ಸಂಜೆಯಾದರೂ ಒಣಗಲಿಲ್ಲ. ನಗಬೇಡಿ. ಈ ಕೈಯಿಂದಲೇ ಮುಟ್ಟಿ ನೋಡಿದ್ದು, ಬಾವಿಯ ನೀರಿನಷ್ಟು ತಣ್ಣಗಿತ್ತು. ನಡೆದದ್ದು ನಡೆದೇ ಇದೆ. ದಿನ ಬೇಕಾದರೂ ಹೇಳುತ್ತೇನೆ: ಎರಡು ಸಾವಿರದ ಇಪ್ಪತ್ತೈದನೇ ಇಸವಿ, ನವೆಂಬರ್ ಹದಿನೆಂಟು, ಮಂಗಳವಾರ.