ಬಿಳಿಯ ಮೇಲೆ ಬಿಳಿ ನೇಯ್ಗೆ

ವೇದಿಕೆಯ ಮೇಲಿರುವ ನಮ್ಮ ನೇಕಾರರ ಸಹಕಾರ ಸಂಘದ ಅಧ್ಯಕ್ಷೆ ಮನಾಂಗ್ ಫ್ಲೊರ್ದೆಲಿಸಾ ಅವರೇ, ಮುಖ್ಯ ಅತಿಥಿಗಳಾದ ಊರಿನ ಮುಖಂಡ ಕಪಿತಾನ್ ಹಿಲಾರಿಯೊ ಅವರೇ, ಮಗ್ಗ ನಿಲ್ಲಿಸಿ ಬಂದಿರುವ ಸದಸ್ಯೆಯರೇ, ಅವರ ಗಂಡಂದಿರೇ, ಹುರಿದ ಹಂದಿಯ ವಾಸನೆ ಹಿಡಿದು ಬಂದಿರುವ ಉಳಿದ ಸಭಿಕರೇ,

ನನಗೆ ಸನ್ಮಾನ ಮಾಡಿದ್ದೀರಿ. ಇಷ್ಟು ವರ್ಷ ಖಜಾಂಚಿಯಾಗಿದ್ದವನು ಇಂದು ಕೆಳಗಿಳಿಯುತ್ತಾನೆ ಎಂಬ ಸಂತೋಷ ನಿಮ್ಮೆಲ್ಲರ ಮುಖದಲ್ಲಿ ಎದ್ದು ಕಾಣುತ್ತಿದೆ. ಉಡುಗೊರೆಯಾಗಿ ಒಂದು ಟೇಬಲ್ ಫ್ಯಾನ್ ಕೊಟ್ಟಿದ್ದೀರಿ. ಇದರ ಹಿಂದಿನ ಕುಚೋದ್ಯ ನನಗೆ ಅರ್ಥವಾಗದೆ ಇಲ್ಲ. ಸಂಘದ ಕಟ್ಟಡದಲ್ಲಿ ಫ್ಯಾನು ತಿರುಗುವುದನ್ನು ಕಂಡಾಗಲೆಲ್ಲ ಎದ್ದು ಹೋಗಿ ಆರಿಸಿದವನು ನಾನು. ಬೆನ್ನ ಹಿಂದೆ ನನ್ನನ್ನು 'ಕರೆಂಟು ತೆಗೆಯೋ ಮನೊಂಗ್' ಎನ್ನುತ್ತೀರಿ. ಊರಿನ ಅಣ್ಣಂದಿರಿಗೆಲ್ಲ ಮನೊಂಗ್, ಅಕ್ಕಂದಿರಿಗೆಲ್ಲ ಮನಾಂಗ್ ಎನ್ನುವುದು ವಾಡಿಕೆ. ಕರೆಂಟಿನ ಹೆಸರು ಸೇರಿದ್ದು ನನಗೊಬ್ಬನಿಗೇ. ಬೇರೆ ಯಾವ ಬಿರುದೂ ನನಗೆ ಸಿಕ್ಕಿಲ್ಲವಾದ್ದರಿಂದ ಇದನ್ನೇ ಗೌರವದಿಂದ ಸ್ವೀಕರಿಸುತ್ತೇನೆ. ಫ್ಯಾನನ್ನೂ ಸ್ವೀಕರಿಸುತ್ತೇನೆ. ಅದನ್ನು ಪೆಟ್ಟಿಗೆಯಿಂದ ತೆಗೆಯುತ್ತೇನೆಂದು ಮಾತ್ರ ಮಾತು ಕೊಡಲಾರೆ.

ನಮ್ಮ ಇಲೋಕೋಸ್ ಸೀಮೆಯವರು ಜಿಪುಣರು ಎಂದು ಮನಿಲಾದವರು ಆಡಿಕೊಳ್ಳುತ್ತಾರೆ. ಒಣಮೀನನ್ನು ದಾರಕ್ಕೆ ಕಟ್ಟಿ ತೂಗುಹಾಕಿ, ಅದನ್ನು ನೋಡುತ್ತ ಬರೀ ಅನ್ನ ಉಣ್ಣುತ್ತೇವಂತೆ. ಇದು ಶುದ್ಧ ಸುಳ್ಳು. ನಮ್ಮ ಮನೆಯಲ್ಲಿ ಬೆಕ್ಕಿತ್ತು. ಮೀನನ್ನು ತೂಗುಹಾಕುವ ಹಾಗೇ ಇರಲಿಲ್ಲ. ನನ್ನ ಕೋಳಿಗೂಡಿನ ಬಗ್ಗೆಯೂ ನೀವು ನಗುತ್ತೀರಿ. ಚುನಾವಣೆ ಮುಗಿದ ಮೇಲೆ ಅಭ್ಯರ್ಥಿಗಳ ಬ್ಯಾನರುಗಳನ್ನು ಇಳಿಸಿ ತಂದು ಗೂಡಿಗೆ ಹೊದಿಸಿದ್ದೇನೆ. ಗೆದ್ದವರು, ಸೋತವರು ಎಲ್ಲರೂ ಒಂದೇ ನಗೆ ನಗುತ್ತ ನನ್ನ ಕೋಳಿಗಳನ್ನು ಮಳೆಯಿಂದ ಕಾಯುತ್ತಿದ್ದಾರೆ. ಕಪಿತಾನ್ ಅವರೇ, ನೀವು ಪೂರ್ವ ದಿಕ್ಕಿಗಿದ್ದೀರಿ. ಒಂದು ಹನಿಯೂ ಸೋರಿಲ್ಲ. ಇದಕ್ಕಿಂತ ಹೆಚ್ಚಿನ ಜನಸೇವೆ ಯಾವುದಿದೆ?

ನನಗೆ ಇದನ್ನೆಲ್ಲ ಕಲಿಸಿದವಳು ನನ್ನ ತಾಯಿ. ಅವಳು ಕಾಫಿಪುಡಿ ಕೊಂಡವಳಲ್ಲ. ಅಕ್ಕಿಯನ್ನೇ ಕಪ್ಪಗೆ ಹುರಿದು ಕುದಿಸುತ್ತಿದ್ದಳು. ಸವೆದ ಸೋಪಿನ ಚೂರುಗಳನ್ನು ಒತ್ತಿ ಹೊಸ ಸೋಪು ಮಾಡುತ್ತಿದ್ದಳು. ನನ್ನ ಅಂಗಿಗಳು ಮೊದಲು ಅಪ್ಪನ ಅಂಗಿಗಳಾಗಿದ್ದವು, ಆಮೇಲೆ ದಿಂಬುಗಳಾದವು. ಆದರೆ ಅದೇ ತಾಯಿ ತನ್ನ ಮಗ್ಗಕ್ಕೆ ಪೇಟೆಯಲ್ಲಿ ನೂಲು ಕೊಳ್ಳುವಾಗ ಬೇರೊಬ್ಬ ಹೆಂಗಸಾಗಿಬಿಡುತ್ತಿದ್ದಳು. ಅಂಗಡಿಯವನು, "ಇದು ಅಗ್ಗ ತಾಯಿ, ಯಾರಿಗೆ ಗೊತ್ತಾಗುತ್ತೆ," ಎಂದು ಬೇರೆ ನೂಲು ಮುಂದಿಟ್ಟರೆ, "ಇದನ್ನ ನಿನ್ನ ಹೆಂಡತಿಗೆ ಬಟ್ಟೆ ಒಣಗಿಸೋಕೆ ಕೊಡು. ಒಳಗಿರೋದು ತೆಗಿ," ಎನ್ನುತ್ತಿದ್ದಳು. ಒಳಗಿನಿಂದ ತೆಗೆದ ನೂಲಿನ ಬೆಲೆ ಕೇಳಿ ನಾನು ಹೆದರುತ್ತಿದ್ದೆ. ಅವಳು ಹೆದರುತ್ತಿರಲಿಲ್ಲ. ಹಿಂತಿರುಗುವಾಗ ಬಸ್ಸಿನ ದುಡ್ಡು ಉಳಿಸಲು ಇಬ್ಬರೂ ನಡೆದು ಬರುತ್ತಿದ್ದೆವು. ಆ ನೂಲಿನ ಕಟ್ಟನ್ನು ಅವಳು ಮಗುವಿನಂತೆ ಎತ್ತಿಕೊಂಡಿರುತ್ತಿದ್ದಳು, ಅವಳ ನಿಜವಾದ ಮಗು ಹಿಂದೆ ನಡೆದುಕೊಂಡು ಬರುತ್ತಿತ್ತು.

ಅವಳು ಯಾವುದನ್ನೂ ಬಾಯಿಬಿಟ್ಟು ಹೇಳಿಕೊಟ್ಟವಳಲ್ಲ. ನಾನೇ ಅರ್ಥ ಮಾಡಿಕೊಂಡೆ, ಅದೂ ತಡವಾಗಿ. ಸಂಘದ ಫ್ಯಾನುಗಳನ್ನು ಆರಿಸಿದ್ದೇನೆ. ಮಗ್ಗದ ಮೇಲಿನ ದೀಪವನ್ನು ಒಮ್ಮೆಯಾದರೂ ಆರಿಸಿದ್ದೇನೆಯೇ? ಹೇಳಿ. ವಾರ್ಷಿಕೋತ್ಸವದ ಐಸ್ ಕ್ರೀಮು ತಡೆದಿದ್ದೇನೆ, ಸಮವಸ್ತ್ರ ತಡೆದಿದ್ದೇನೆ, ಮಗ್ಗದ ಬಾಚಣಿಗೆ ಮುರಿದಾಗ ಹೊಸದಕ್ಕೆ ತಡೆದಿದ್ದೇನೆಯೇ? ಒಬ್ಬರೂ ಮಾತಾಡುತ್ತಿಲ್ಲ. ಸಂತೋಷ.

ಈಗ ವಿಷಯಕ್ಕೆ ಬರುತ್ತೇನೆ. ಇಂದಿನ ಸಭೆಯಲ್ಲಿ ಒಂದು ಗೊತ್ತುವಳಿ ಇದೆ. ನಮ್ಮ ಉಳಿತಾಯದಲ್ಲಿ ಸಂಘದ ಮುಂದೆ ಕಾಂಕ್ರೀಟಿನ ಕಮಾನು ಕಟ್ಟಿಸಿ, ಅದರ ಮೇಲೆ ಎಲ್ಲ ಸದಸ್ಯರ ಹೆಸರು ಕೆತ್ತಿಸುವುದು. ಕಮಾನಿನ ಚಿತ್ರವನ್ನು ನಾನೂ ನೋಡಿದ್ದೇನೆ. ಬಹಳ ಚೆನ್ನಾಗಿದೆ. ಎರಡು ಲಾಳಿಗಳು ಒಂದಕ್ಕೊಂದು ಮುತ್ತು ಕೊಡುವ ಹಾಗೆ ಬಾಗಿವೆ. ಹೊಸ ಖಜಾಂಚಿ ನಾಳೆಯಿಂದಲೇ ಕೆಲಸ ಶುರುಮಾಡಿಸಲು ಸಿದ್ಧರಿದ್ದಾರೆ. ನನಗೆ ಉಳಿದಿರುವುದು ಇವತ್ತಿನ ದಿನ. ಆದ್ದರಿಂದ ಒಂದು ತಿದ್ದುಪಡಿ ಸೂಚಿಸುತ್ತಿದ್ದೇನೆ. ಈ ಹಣದಲ್ಲಿ ಕಮಾನು ಬೇಡ. ನಮ್ಮ ನೇಕಾರರ ಕಣ್ಣಿನ ಪೊರೆ ತೆಗೆಸೋಣ. ಮೊದಲು ಮನಾಂಗ್ ಸಿತಾಂಗ್ ಅವರದು.

ಅವರು ಮೂರನೇ ಸಾಲಿನಲ್ಲಿ ಕುಳಿತು ನನ್ನನ್ನು ದುರುಗುಟ್ಟಿ ನೋಡುತ್ತಿದ್ದಾರೆ. ಅಂದರೆ, ನನ್ನನ್ನು ಎಂದು ಅವರು ತಿಳಿದಿದ್ದಾರೆ. ಅವರು ನೋಡುತ್ತಿರುವುದು ನನ್ನ ಪಕ್ಕದ ಕಂಬವನ್ನು. ಇದನ್ನು ಹೇಳಲು ನಾನು ಅವರ ಅಪ್ಪಣೆ ಕೇಳಲಿಲ್ಲ. ಕೇಳಿದ್ದರೆ ಕೊಡುತ್ತಿರಲಿಲ್ಲ.

ನನಗೆ ಹೇಗೆ ತಿಳಿಯಿತು ಎಂದು ಕೇಳುತ್ತೀರಿ. ಈ ಬೇಸಿಗೆಯಲ್ಲಿ ಹುಳು ಹಿಡಿಯಬಾರದೆಂದು ಪೆಟ್ಟಿಗೆಯಲ್ಲಿದ್ದ ಹೊದಿಕೆಗಳನ್ನೆಲ್ಲ ತೆಗೆದು ಅಂಗಳದ ತಂತಿಯ ಮೇಲೆ ಬಿಸಿಲಿಗೆ ಹಾಕಿದೆ. ಎಲ್ಲವೂ ಮನಾಂಗ್ ಸಿತಾಂಗ್ ನೇಯ್ದವು. ವರ್ಷಕ್ಕೆ ಒಂದರಂತೆ ಕೊಂಡದ್ದು. ಯಾಕೆ ನಗುತ್ತೀರಿ? ಒಳ್ಳೆಯ ಹೊದಿಕೆ ಮೂವತ್ತು ವರ್ಷ ಬಾಳುತ್ತದೆ, ಅದು ಉಳಿತಾಯ. ಒಬ್ಬನಿಗೆ ಎಷ್ಟು ಹೊದಿಕೆ ಬೇಕು ಎಂದು ಹಿಂದಿನ ಸಾಲಿನವರು ಕೇಳುತ್ತಿದ್ದಾರೆ. ಖಜಾಂಚಿಯಾದವನಿಗೆ ಸರಕಿನ ಗುಣಮಟ್ಟ ಗೊತ್ತಿರಬೇಕು. ಖಜಾಂಚಿಯಾಗುವ ಮೊದಲು ಕೊಂಡವುಗಳಿಗೆ ಬೇರೆ ಕಾರಣಗಳಿದ್ದವು, ಅವು ಇಂದಿನ ವಿಷಯವಲ್ಲ.

ತಂತಿಯ ಮೇಲೆ ಅವನ್ನು ಕೊಂಡ ಕ್ರಮದಲ್ಲೇ ಹಾಕಿದ್ದೆ. ಮೊದಲಿನವು ಬಿಳಿಯ ಮೇಲೆ ಬಿಳಿ. ಬಿಳಿ ಹಾಸಿನಲ್ಲಿ ಬಿಳಿ ಹೊಕ್ಕು, ಹತ್ತಿರ ಹೋಗಿ ಬೆಳಕಿಗೆ ಓರೆಯಾಗಿ ಹಿಡಿದರೆ ಮಾತ್ರ ಸುಳಿಯ ವಿನ್ಯಾಸ ಕಾಣುತ್ತದೆ. ಆ ಕೈ ನಮ್ಮ ಪ್ರಾಂತದಲ್ಲಿ ಇನ್ನೊಬ್ಬರಿಗೆ ಇಲ್ಲ. ಅದರ ಪಕ್ಕದ್ದು ಬಿಳಿಯ ಮೇಲೆ ತಿಳಿನೀಲಿ. ಆಮೇಲೆ ಕಡುನೀಲಿ. ಆಮೇಲೆ ಕಪ್ಪು. ಆಮೇಲೆ ಕೆಂಪು ಮತ್ತು ಕಪ್ಪು, ದಪ್ಪ ನೂಲು, ಅಂಗೈಯಗಲದ ಚೌಕಗಳು. ನಾನು ಗೇಟಿನ ಬಳಿ ನಿಂತು ಈ ತುದಿಯಿಂದ ಆ ತುದಿಗೆ ನೋಡಿದೆ. ಯಾರೋ ನಿಧಾನವಾಗಿ ಧ್ವನಿ ಏರಿಸುತ್ತ ಬಂದ ಹಾಗಿತ್ತು. ಮನುಷ್ಯ ಧ್ವನಿ ಏರಿಸುವುದು ಯಾವಾಗ? ತನಗೇ ಕೇಳಿಸದಿದ್ದಾಗ.

ಆ ಕೆಂಪು ಕಪ್ಪು ಹೊದಿಕೆ ನಿಮಗೆಲ್ಲ ನೆನಪಿದೆ. ನಾವು ಅದನ್ನು ಹೊಸ ವಿನ್ಯಾಸ ಎಂದೆವು. ಮನಿಲಾದ ಅಂಗಡಿಗಳು ಎಂಥ ಧೈರ್ಯದ ಬಣ್ಣ ಎಂದು ಕೊಂಡಾಡಿದವು. ಕೊಡುವುದಕ್ಕೆ ಆಗದಷ್ಟು ಬೇಡಿಕೆ ಬಂತು. ನೀವೆಲ್ಲರೂ ಅದನ್ನೇ ನೋಡಿ ನೇಯ್ದಿರಿ. ಇಷ್ಟು ವರ್ಷ ಇರುವೆಯ ಹಾಗೆ ಕೂಡಿಟ್ಟರೂ ಮೇಲೇಳದ ಸಂಘದ ಉಳಿತಾಯ ಆ ಬಣ್ಣದಿಂದ ಮೇಲೆದ್ದಿತು. ಇಂದು ನಾವು ಕಮಾನು ಕಟ್ಟಿಸಲು ಹೊರಟಿರುವುದು ಯಾವ ಹಣದಲ್ಲಿ? ಒಬ್ಬ ಹೆಂಗಸಿಗೆ ಬಿಳಿ ಎಳೆ ಕಾಣಿಸದೆ ಹೋದದ್ದರಿಂದ ಬಂದ ಹಣದಲ್ಲಿ. ಆ ಕಮಾನಿನ ಮೇಲೆ ಅವರ ಹೆಸರು ಕೆತ್ತಿಸುತ್ತೇವೆ. ಅವರು ಅದನ್ನು ಬೆರಳಿನಿಂದ ಸವರಿ ಓದಬೇಕು.

ನಾನು ಆ ಮೊದಲ ಬಿಳಿ ಹೊದಿಕೆಯನ್ನು ಮಡಿಚಿಕೊಂಡು ಅವರ ಮನೆಗೆ ಹೋದೆ. ಮಡಿಲಲ್ಲಿ ಇಟ್ಟೆ. ಅವರು ನೋಡಲಿಲ್ಲ, ಮುಟ್ಟಿದರು.

"ಇದು ನಂದೇ ಅಲ್ವಾ? ಯಾರ ಮನೇದು?"

"ನಮ್ಮನೇದು ಮನಾಂಗ್."

"ಒಂದು ಎಳೆಯೂ ಸವೆದಿಲ್ಲ. ಹೊದ್ದುಕೊಂಡೇ ಇಲ್ವೇನೋ?"

"ಸೆಕೆ."

"ಫ್ಯಾನ್ ಹಾಕ್ಕೋ."

"ಇಂಥದ್ದು ಇನ್ನೊಂದು ನೇಯ್ದು ಕೊಡಿ," ಎಂದೆ.

"ಬಿಳಿ ಯಾರಿಗೆ ಬೇಕು ಈಗ? ಎಲ್ಲರೂ ಕೆಂಪು ಕೇಳ್ತಾರೆ."

"ನನಗೆ ಬೇಕು. ಎಷ್ಟು ದಿನದಿಂದ ಕಾಣ್ತಿಲ್ಲ ನಿಮಗೆ?"

"ನಿನ್ನ ಮುಖ ಕಾಣ್ದೇ ಇರೋದು ನಷ್ಟ ಅಂತ ಯಾರು ಹೇಳಿದ್ದು, ಆದಿಂಗ್?"

ಅವರು ನನ್ನನ್ನು ಕರೆಯುವುದು ಹಾಗೆ, ಆದಿಂಗ್. ತಮ್ಮ. ನಮ್ಮಲ್ಲಿ ಎರಡು ವರ್ಷ ಚಿಕ್ಕವನಾದರೂ ಸಾಯುವ ತನಕ ಆದಿಂಗ್. ಇದೊಂದು ಒಳ್ಳೆಯ ಪದ್ಧತಿ. ಯಾರು ಎಲ್ಲಿ ನಿಲ್ಲಬೇಕು ಎಂಬುದು ಸ್ಪಷ್ಟವಾಗಿರುತ್ತದೆ.

ನಾನು ನನ್ನ ಕಣ್ಣು ತೋರಿಸಬೇಕು, ಜೊತೆಗೆ ಯಾರಾದರೂ ಬೇಕು ಎಂದು ಸುಳ್ಳು ಹೇಳಿ ಅವರನ್ನು ಲವಾಗ್ ಪಟ್ಟಣದ ಕಣ್ಣಿನ ಆಸ್ಪತ್ರೆಗೆ ಕರೆದುಕೊಂಡು ಹೋದೆ. ಇಬ್ಬರ ಬಸ್ ಚಾರ್ಜನ್ನೂ ನಾನೇ ಕೊಟ್ಟೆ. ನಗು ಸಾಕು, ಊಟ ತಣ್ಣಗಾಗುತ್ತಿದೆ. ಡಾಕ್ಟರು ನನ್ನ ಕಣ್ಣು ನೋಡಿ ಏನೂ ಆಗಿಲ್ಲ ಎಂದರು. ಮನಾಂಗ್ ಅವರ ಕಣ್ಣಿಗೆ ದೀಪ ಹಿಡಿದು ನೋಡಿದರು. ಆಮೇಲೆ ನನ್ನ ಕಡೆ ತಿರುಗಿ, "ನಿಮ್ಮ ಹೆಂಡತಿಗೆ ಎರಡೂ ಕಣ್ಣಿಗೆ ಆಪರೇಷನ್ ಆಗಬೇಕು. ಆದ ಮೇಲೆ ಚೆನ್ನಾಗಿ ಕಾಣುತ್ತೆ. ತಡ ಮಾಡಬೇಡಿ," ಎಂದರು. ನಾನು ಅವರನ್ನು ತಿದ್ದಲಿಲ್ಲ. ಹೊರಗೆ ಬಹಳ ಜನ ಕಾದಿದ್ದರು. ಡಾಕ್ಟರ ಸಮಯ ಹಾಳುಮಾಡುವುದು ಸರಿಯಲ್ಲ. ಮನಾಂಗ್ ಕೂಡ ತಿದ್ದಲಿಲ್ಲ. ಅವರ ಕಾರಣ ನನಗೆ ತಿಳಿಯದು.

ಉಚಿತ ಕಣ್ಣಿನ ಶಿಬಿರ ಬರುತ್ತದಲ್ಲ ಎಂದು ಕೆಲವರು ಯೋಚಿಸುತ್ತಿದ್ದೀರಿ. ನಿಮ್ಮ ಜಾಗದಲ್ಲಿದ್ದರೆ ನಾನೂ ಅದನ್ನೇ ಯೋಚಿಸುತ್ತಿದ್ದೆ. ಬಂದಿತ್ತು. ಚುನಾವಣೆಯ ವರ್ಷ ಬಂದಿತ್ತು. ನಮ್ಮ ಊರಿನ ಸರದಿ ಬರುವಷ್ಟರಲ್ಲಿ ಹೊತ್ತು ಮುಳುಗಿ, ಡಾಕ್ಟರು ಮುಂದಿನ ವರ್ಷ ಎಂದು ಹೇಳಿ ವ್ಯಾನು ಹತ್ತಿದರು. ಮುಂದಿನ ವರ್ಷ ಚುನಾವಣೆ ಇರಲಿಲ್ಲ. ಆ ಶಿಬಿರದ ಬ್ಯಾನರೂ ನನ್ನ ಕೋಳಿಗೂಡಿನ ಮೇಲಿದೆ.

ಇನ್ನು ಕೆಲವರು, ಇವನ ಹತ್ತಿರ ದುಡ್ಡಿದೆ, ಇವನೇ ಕೊಡಲಿ ಎಂದು ಯೋಚಿಸುತ್ತಿದ್ದೀರಿ. ಅದೂ ನ್ಯಾಯವೇ. ಹಿಂತಿರುಗುವಾಗ ಬಸ್ ನಿಲ್ದಾಣದ ಬೆಂಚಿನಲ್ಲಿ ಕುಳಿತು ಅದನ್ನೇ ಹೇಳಿದೆ. ಜೀವನದಲ್ಲಿ ಅಷ್ಟು ದೊಡ್ಡ ಖರ್ಚಿನ ಮಾತನ್ನು ನಾನು ಅಷ್ಟು ಬೇಗ ಆಡಿದ್ದಿಲ್ಲ.

ಅವರು ರಸ್ತೆಯ ಕಡೆ ಮುಖ ಮಾಡಿ, "ಯಾರ ದುಡ್ಡಲ್ಲಿ ಕಣ್ಣು ಮಾಡಿಸ್ಕೊಂಡ್ಲು ಅಂತ ಊರು ಕೇಳಲ್ವಾ? ನಾನು ನಿನಗೆ ಏನಾಗಬೇಕು ಅಂತ ಹೇಳ್ಲಿ?" ಎಂದರು.

ಅದು ಬಹಳ ನೇರವಾದ ಪ್ರಶ್ನೆಯಾಗಿತ್ತು. ಆ ಹೊತ್ತಿಗೆ ಬಸ್ಸು ಬಂತು.

ಬಸ್ಸಿನಲ್ಲಿ ಕಿಟಕಿಯ ಪಕ್ಕ ಅವರನ್ನು ಕೂರಿಸಿದೆ. ಅದರಿಂದ ಅವರಿಗೆ ಏನು ಪ್ರಯೋಜನ ಎಂದು ಆಮೇಲೆ ಹೊಳೆಯಿತು. ಅವರು ಹೇಳಿದ್ದು ಸರಿ. ನನ್ನಿಂದ ತೆಗೆದುಕೊಂಡರೆ ಅದು ಉಪಕಾರ, ಅದಕ್ಕೊಂದು ಹೆಸರು ಬೇಕಾಗುತ್ತದೆ. ಸಂಘದಿಂದ ತೆಗೆದುಕೊಂಡರೆ ಅದು ಅವರ ದುಡಿಮೆ. ಇದು ದಾನದ ಮಾತಲ್ಲ, ಸಭಿಕರೇ. ಹಸಿವಿಗೆ ಮಾಡುವ ಖರ್ಚು ಎಂಥದೋ ಇದು ಅಂಥದು. ಈ ಸಭಾಂಗಣದಲ್ಲಿ ಕನ್ನಡಕದ ಒಂದು ಗಾಜಿಗೆ ಟೇಪು ಅಂಟಿಸಿಕೊಂಡು ನೇಯುವವರು ಇನ್ನೂ ಇದ್ದಾರೆ. ನಾನು ಹೆಸರು ಹೇಳುವುದಿಲ್ಲ, ಅವರೇ ತಲೆ ತಗ್ಗಿಸಿದ್ದಾರೆ. ನೇಕಾರರ ಸಂಘಕ್ಕೆ ಮಗ್ಗ ಮೊದಲೋ, ಕಣ್ಣು ಮೊದಲೋ? ಕಣ್ಣಿಲ್ಲದವರ ಮಗ್ಗದ ಮುಂದೆ ಕಮಾನು ನಿಲ್ಲಿಸಿ ಯಾರಿಗೆ ತೋರಿಸುವುದು?

ನಷ್ಟವನ್ನೂ ಹೇಳಿಬಿಡುತ್ತೇನೆ. ಖಜಾಂಚಿಯಾಗಿ ಅದು ನನ್ನ ಕೊನೆಯ ಕರ್ತವ್ಯ. ಕಣ್ಣು ಸರಿಯಾದರೆ ಮನಾಂಗ್ ಸಿತಾಂಗ್ ಮತ್ತೆ ಬಿಳಿಯ ಮೇಲೆ ಬಿಳಿ ನೇಯಬಹುದು. ಮನಿಲಾದವರಿಗೆ ಅದು ಬೇಡ. ಕೊಳ್ಳುವವನು ಒಬ್ಬನೇ ಇದ್ದಾನೆ, ಅವನೂ ಚೌಕಾಸಿ ಮಾಡುತ್ತಾನೆ. ಇದನ್ನು ತಿಳಿದೇ ನೀವು ತೀರ್ಮಾನ ಮಾಡಿ.

ಅಧ್ಯಕ್ಷೆಯವರ ಅನುಮತಿಯಿಂದ ತಿದ್ದುಪಡಿಯನ್ನು ಮತಕ್ಕೆ ಹಾಕುತ್ತಿದ್ದೇನೆ. ಕಮಾನಿನ ಹಣ ಕಣ್ಣಿಗೆ ಎನ್ನುವವರು ಕೈ ಎತ್ತಿ. ಗಂಡಂದಿರಿಗೆ ಮತವಿಲ್ಲ, ಕೈ ಇಳಿಸಿ. ಕಪಿತಾನ್ ಅವರೇ, ನೀವು ಅತಿಥಿಗಳು. ಆದರೂ ನಿಮ್ಮ ಭಾವನೆಯನ್ನು ಗಮನಿಸಲಾಗಿದೆ. ಹೊಸ ಖಜಾಂಚಿಯವರೂ ಎತ್ತಿದ್ದಾರೆ. ಕೈ ಇಳಿಸಬೇಡಿ, ಎರಡನೇ ಸಲ ಎಣಿಸುತ್ತಿದ್ದೇನೆ.

ಬೇಡ ಎನ್ನುವವರು ಈಗ ಕೈ ಎತ್ತಿ.

ಒಬ್ಬರು. ಮೂರನೇ ಸಾಲು. ಎರಡೂ ಕೈ ಎತ್ತಿದ್ದಾರೆ, ಒಂದನ್ನು ಮಾತ್ರ ಎಣಿಸುತ್ತೇನೆ. ತಿದ್ದುಪಡಿ ಬಹುಮತದಿಂದ ಅಂಗೀಕಾರವಾಗಿದೆ.

ಮನಾಂಗ್, ಪಕ್ಕದವರನ್ನು ಹಿಡಿದು ಅಲ್ಲಾಡಿಸಬೇಡಿ. ಯಾರು ಯಾರು ಕೈ ಎತ್ತಿದರು ಎಂದು ಅವರು ನಿಮಗೆ ಹೇಳಬೇಕಾಗಿಲ್ಲ. ಮುಂದಿನ ವರ್ಷ ಇದೇ ಸಭೆಗೆ ಬಂದು ಇಲ್ಲಿ ಕುಳಿತವರ ಮುಖಗಳನ್ನು ನೀವೇ ಒಂದೊಂದಾಗಿ ನೋಡಿಕೊಳ್ಳಿ. ನಾನು ಆಗ ವೇದಿಕೆಯ ಮೇಲಿರುವುದಿಲ್ಲ, ಕೆಳಗೆ ಎಲ್ಲೋ ಕುಳಿತಿರುತ್ತೇನೆ. ಹುಡುಕಿಕೊಳ್ಳಿ.

ತಾಳ್ಮೆಯಿಂದ ಕೇಳಿದ ನಿಮಗೂ, ಊಟವನ್ನು ಬಿಸಿಯಾಗಿಡಲು ಒದ್ದಾಡುತ್ತಿರುವ ಅಡುಗೆಯವರಿಗೂ, ಎತ್ತಿದ ಪ್ರತಿಯೊಂದು ಕೈಗೂ, ಬೇಡವೆಂದು ಎತ್ತಿದ ಆ ಎರಡು ಕೈಗಳಿಗೂ ಋಣಿಯಾಗಿದ್ದೇನೆ. ನಮಸ್ಕಾರ.